ಅಪ್ಪನ್ನ ವಾಕಿಂಗ್ ಕಳಿಸೋ ಮುಂಚೆ

ನ್ಯೂಜೆರ್ಸಿಗೆ ಬಂದು ಎರಡು ತಿಂಗಳಾಯ್ತು, ಅಪ್ಪ ಅಮ್ಮನ್ನೂ ಕರ್ಸ್ಕೋಬೇಕು, ಇಲ್ಲಿ ಪೊಲೀಸ್ರು ಬಣ್ಣ ನೋಡಿ ಹಿಡೀತಾರಂತೆ ಹೌದಾ, ನಮ್ಮಂಥ ಐಟಿಯವ್ರಿಗೂ ತೊಂದ್ರೆ ಇದ್ಯಾ ಅಂತ ಕೇಳಿದೀರಿ. ನಾನು ಬಂದು 21 ವರ್ಷ ಆಯ್ತು. ಹಿಡೀತಾರೆ. ಎಲ್ರೂ ಅಲ್ಲ, ದಿನಾ ಅಲ್ಲ, ಆದ್ರೆ ನಾವು ಓದಿದವ್ರು, ಟ್ಯಾಕ್ಸ್ ಕಟ್ಟೋವ್ರು, ನಮಗೇನು ಅನ್ನೋದನ್ನ ತಲೆಯಿಂದ ತೆಗೆದ್ಬಿಡಿ, ದೂರದಿಂದ ನೋಡೋನಿಗೆ ನಿಮ್ಮ ಎಚ್‌ಒನ್‌ಬಿ ಕೆಲಸದ ವೀಸಾ ಕಾಣಲ್ಲ.

ಅಲಬಾಮಾದ ಮ್ಯಾಡಿಸನ್‌ನಲ್ಲಿ 2015ರ ಫೆಬ್ರವರೀಲಿ ಆಗಿದ್ದು ಕೇಳಿ. ಸುರೇಶ್‌ಭಾಯ್ ಪಟೇಲ್ ಅಂತ, 57 ವರ್ಷ, ಮೊಮ್ಮಗನ್ನ ನೋಡ್ಕೊಳ್ಳೋಕೆ ಗುಜರಾತಿಂದ ಮಗನ ಮನೆಗೆ ಬಂದಿದ್ರು. ಬೆಳಿಗ್ಗೆ ಆ ಏರಿಯಾದಲ್ಲೇ ವಾಕಿಂಗ್ ಹೋಗಿದಾರೆ, ಅಲ್ಲಿನವ್ರು ಯಾರೋ ಪೊಲೀಸಿಗೆ ಫೋನ್ ಮಾಡಿ ಸಣಕಲು ಕರಿಯ ಒಬ್ಬ ಓಡಾಡ್ತಿದಾನೆ ಅಂದ್ರು. ಪೊಲೀಸ್ ಬಂದು ಏನೇನೋ ಕೇಳಿದ್ರೆ ಇವ್ರು "ನೋ ಇಂಗ್ಲಿಷ್, ಇಂಡಿಯಾ" ಅಂತಿದಾರೆ. ಒಬ್ಬ ಆಫೀಸರ್ ಕೈ ಹಿಂದಕ್ಕೆ ಹಿಡಿದು ನೆಲಕ್ಕೆ ಕೆಡವಿದ. ಕತ್ತಿಗೆ ಬಿದ್ದ ಪೆಟ್ಟಿಗೆ ಕೈಕಾಲು ಸ್ವಾಧೀನ ತಪ್ಪಿ ಆಪರೇಷನ್ ಆಯ್ತು. ಪೊಲೀಸ್ ಕಾರಿನ ಕ್ಯಾಮೆರಾದಲ್ಲೇ ಎಲ್ಲಾ ರೆಕಾರ್ಡ್ ಆಗಿತ್ತು, ಗವರ್ನರ್ರೇ ಕ್ಷಮೆ ಕೇಳಿದ್ರು, ಆದ್ರೂ ಆ ಆಫೀಸರ್ ಮೇಲೆ ಎರಡು ಸಲ ಟ್ರಯಲ್ ನಡೆದು ಎರಡು ಸಲಾನೂ ಜ್ಯೂರಿ, ಅಂದ್ರೆ ತೀರ್ಪು ಹೇಳೋಕೆ ಕೂರಿಸಿದ ಸಾಮಾನ್ಯ ಜನ, ಒಮ್ಮತಕ್ಕೆ ಬರ್ಲಿಲ್ಲ, 2016ರ ಜನವರೀಲಿ ಜಡ್ಜ್ ಅವನನ್ನ ಬಿಟ್ಟೇಬಿಟ್ರು.

ಆಗ ನಮ್ಮ ಪಾಟ್‌ಲಕ್‌ನಲ್ಲಿ, ಅದೇ ಎಲ್ರೂ ಒಂದೊಂದು ಅಡುಗೆ ತಂದು ಸೇರಿ ಊಟ ಮಾಡೋದು, ಒಬ್ರು "ಪಾಪ, ಕರಿಯ ಅಂದ್ಕೊಂಡ್ಬಿಟ್ರು" ಅಂದ್ರು. ಅಂದ್ರೆ ನಿಜವಾಗ್ಲೂ ಕರಿಯನೇ ಆಗಿದ್ದಿದ್ರೆ ಕೆಡವಿದ್ದು ಸರೀನಾ? ಬಿಸಿಬೇಳೆಬಾತ್ ಬಾಯಲ್ಲಿಟ್ಕೊಂಡು ಎಲ್ರೂ ತಲೆ ಆಡಿಸಿದ್ವಿ, ನಾನೂ ಆಡಿಸಿದೆ, ಈಗ ನೆನೆಸ್ಕೊಂಡ್ರೆ ನಾಚಿಕೆ ಆಗುತ್ತೆ.

ಇನ್ನು ಕಾರಿನ ವಿಷ್ಯ. ನಿಮ್ಮ ಇದೇ ನ್ಯೂಜೆರ್ಸಿ ಟರ್ನ್‌ಪೈಕ್ ಹೆದ್ದಾರೀಲಿ ಬಣ್ಣ ನೋಡಿ ಕಾರ್ ನಿಲ್ಲಿಸ್ತಿದ್ದಿದ್ದು ನಿಜ ಅಂತ 1999ರಲ್ಲಿ ರಾಜ್ಯ ಸರ್ಕಾರಾನೇ ಒಪ್ಕೊಂಡಿದೆ, ಆಮೇಲೆ ಸ್ಟೇಟ್ ಪೊಲೀಸ್ ಮೇಲೆ ಸುಮಾರು ಹತ್ತು ವರ್ಷ ಕೋರ್ಟಿನ ನಿಗಾ ಇತ್ತು. ಆದ್ರೆ ಸಣ್ಣ ಟ್ರಾಫಿಕ್ ತಪ್ಪು ಒಂದಿದ್ರೆ ಸಾಕು, ಒಳಗಿನ ಉದ್ದೇಶ ಏನೇ ಇರ್ಲಿ ನಿಲ್ಲಿಸ್ಬೋದು ಅಂತ 1996ರಲ್ಲೇ ಇಲ್ಲಿನ ಸುಪ್ರೀಂ ಕೋರ್ಟ್ ಹೇಳಿದೆ, ಹಾಗಾಗಿ ಯಾಕೆ ನಿಲ್ಲಿಸಿದ್ರು ಅಂತ ಪ್ರೂವ್ ಮಾಡೋದು ಕಷ್ಟ.

ನನ್ನ ಮೊದಲ್ನೇ ವರ್ಷ ಟೈಲ್‌ಲೈಟ್ ಹೋಗಿದೆ ಅಂತ ರಾತ್ರಿ ನಿಲ್ಲಿಸಿದ್ರು. ಹಾಸನದಲ್ಲಿ ಪೊಲೀಸ್ ಕೈ ಅಡ್ಡ ಹಿಡಿದ್ರೆ ನಾವೇ ಇಳಿದು ಡಿಎಲ್ಲು ಆರ್‌ಸಿ ತಗೊಂಡು ಅವ್ರ ಹತ್ರ ಹೋಗ್ತೀವಲ್ಲ, ಅದೇ ಅಭ್ಯಾಸದಲ್ಲಿ ಇಳಿದೆ. ಅವನು ಕೂಗಿದ್ದು ಈಗ್ಲೂ ಕಿವೀಲಿದೆ, ಕೈ ಗನ್ ಮೇಲೆ ಹೋಗಿತ್ತು. ದಯವಿಟ್ಟು ಇಳೀಬೇಡಿ, ಎರಡೂ ಕೈ ಸ್ಟೀರಿಂಗ್ ಮೇಲೆ ಇಟ್ಕೊಂಡು ಕೂತಿರಿ, ಪೇಪರ್ ತೆಗೀಬೇಕಾದ್ರೆ ಹೇಳಿ ತೆಗೀರಿ. ಕಾರ್ ಚೆಕ್ ಮಾಡ್ಲಾ ಅಂದ್ರೆ ಬೇಡ ಅನ್ನೋ ಹಕ್ಕಿದೆ, ಮೆತ್ತಗೆ ಹೇಳಿ.

ಅಪ್ಪನ ಜೇಬಲ್ಲಿ ಅಡ್ರೆಸ್ಸು, ನಿಮ್ಮ ನಂಬರ್ರು, ಐ-94 (ದೇಶಕ್ಕೆ ಬಂದಿದ್ದರ ದಾಖಲೆ) ಕಾಪಿ ಇರ್ಲಿ. ಮೊದಲ್ನೇ ವಾರ ಜೊತೇಲಿ ಹೋಗಿ ಅಕ್ಕಪಕ್ಕದವ್ರಿಗೆ ಮುಖ ಪರಿಚಯ ಮಾಡ್ಸಿ. ನಮ್ಮಪ್ಪ ಬಂದಾಗ ಮಂಕಿ ಕ್ಯಾಪ್ ಬೇಡ ಅಪ್ಪಾ ಅಂದೆ, ಚಳಿ ಕಣೋ ಅಂತ ಹಾಕ್ಕೊಂಡೇ ಹೊರಟ್ರು, ನಾನು ಆಫೀಸ್ ಕಾಲ್ ಕಿವಿಗೆ ಹಾಕ್ಕೊಂಡು ಹಿಂದೆ ಹಿಂದೇನೇ ಹೋದೆ.