ಪೆಟ್ಟಿಗೆಯೊಳಗಿದ್ದ ಕಿವಿ ಮಷೀನು

ಹೆಸರು, ಊರು, ಮನೆಯ ವಿವರ ಎಲ್ಲ ಬದಲಿಸಿದ್ದೇನೆ. ಹುಡುಗಿಯನ್ನು ಗೌರಿ ಅನ್ನೋಣ. ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ, ಆರನೇ ಕ್ಲಾಸು.

ಅವಳ ಅಮ್ಮ ಸಲಹೆ ಕೇಳಲು ನನ್ನ ಹತ್ತಿರ ಕರಕೊಂಡು ಬಂದರು, ಕೂತವರೇ ಶುರು ಮಾಡಿದರು. "ಮೇಡಂ, ಇವಳಿಗೆ ಹಟ ಜಾಸ್ತಿ. ಕಿವಿ ಸರಿಯಾಗಿ ಕೇಳಲ್ಲ, ಅದಕ್ಕೇ ಮಷೀನ್ ಹಾಕಿಸಿದ್ವಿ, ಅದನ್ನೂ ಕಿತ್ತು ಪೆಟ್ಟಿಗೇಲಿ ಇಟ್ಟಿದಾಳೆ. ಮೇಷ್ಟ್ರು ಕಿವುಡು ಮಕ್ಕಳ ಸ್ಕೂಲಿಗೇ ಸೇರಿಸಿ ಅಂತಿದಾರೆ." ಆ ಸ್ಕೂಲಿರುವುದು ಊರಿಂದ 90 ಕಿಲೋಮೀಟರ್ ದೂರದಲ್ಲಿ. ಸೇರಿದರೆ ಹಾಸ್ಟೆಲೇ ಗತಿ.

ಅಮ್ಮನನ್ನು ಹೊರಗೆ ಕೂರಿಸಿ ಗೌರಿಯ ಎದುರು ಕೂತೆ. ಮಷೀನ್ ಯಾಕೆ ಬೇಡ ಅಂತ ಅಲ್ಲಿಯವರೆಗೆ ಅವಳನ್ನೇ ಯಾರೂ ಕೇಳಿರಲಿಲ್ಲ. ಎಲ್ಲರೂ ಹಾಕ್ಕೋ ಅಂತ ಬೈದಿದ್ದರು, ಅಷ್ಟೇ. "ಸೀಟಿ ಹೊಡೀತದೆ ಮಿಸ್. ಕುಕ್ಕರ್ ಅಂತ ಕರೀತಾರೆ."

ಮೋಲ್ಡ್, ಅಂದರೆ ಕಿವಿಯ ಅಳತೆಗೇ ಮಾಡಿ ಮಷೀನಿಗೆ ಜೋಡಿಸಿ ಕಿವಿಯೊಳಗೆ ಕೂರಿಸುವ ಅಚ್ಚು, ಮಾಡಿಸಿದ್ದು ಮೂರನೇ ಕ್ಲಾಸಿನಲ್ಲಿ. ಆಮೇಲೆ ಮಗು ಬೆಳೆದಿದೆ, ಕಿವಿಯೂ ಬೆಳೆದಿದೆ. ಮೋಲ್ಡ್ ಸಡಿಲವಾದರೆ ಒಳಗೆ ಹೋಗಬೇಕಾದ ಶಬ್ದ ಸಂದಿಯಿಂದ ಹೊರಗೆ ಸೋರಿ, ಮತ್ತೆ ಮಷೀನಿನ ಮೈಕಿಗೇ ಸೇರಿ, ಸೀಟಿಯಾಗುತ್ತದೆ. ಮಷೀನ್ ಕೆಟ್ಟಿರಲಿಲ್ಲ, ಹುಡುಗಿಗೆ ಹಟವೂ ಇರಲಿಲ್ಲ. ವರ್ಷಕ್ಕೊಮ್ಮೆ ಚಪ್ಪಲಿ ಬದಲಿಸುವ ನಮಗೆ ಇದು ಹೊಳೆಯಲ್ಲ, ಯಾಕೆಂದರೆ ಯಾರೂ ಹೇಳಿರಲ್ಲ.

ಅಮ್ಮನಿಗೆ ಹೇಳಿದೆ: ಶಾಲೆ ಬದಲಿಸೋ ಮಾತು ಆಮೇಲೆ, ಮೊದಲು ಹೊಸ ಮೋಲ್ಡ್. ಜಿಲ್ಲಾಸ್ಪತ್ರೆಯಲ್ಲಿ ವಿಚಾರಿಸಿ, ಇಲ್ಲವೇ ಮೈಸೂರಿನ ಮಾನಸಗಂಗೋತ್ರಿಯಲ್ಲಿ ವಾಕ್ ಶ್ರವಣ ಸಂಸ್ಥೆ ಇದೆ, 1965ರಿಂದ ಇದೇ ಕೆಲಸ ಮಾಡಿಕೊಂಡು ಬಂದಿದೆ, ಅಲ್ಲಿಗೆ ಹೋಗಿ. ಜಾಮಿಟ್ರಿ ಬಾಕ್ಸಿನಲ್ಲಿ ಯಾವಾಗಲೂ ಎರಡು ಸೆಲ್ ಇರಲಿ. ಸ್ನಾನಕ್ಕೆ, ನಿದ್ದೆಗೆ ತೆಗೆಯಬೇಕು. ಯುಡಿಐಡಿ ಕಾರ್ಡ್ (ವಿಕಲಚೇತನರಿಗೆ ಸರ್ಕಾರ ಕೊಡುವ ಗುರುತಿನ ಚೀಟಿ) ಮಾಡಿಸಿಲ್ಲದಿದ್ದರೆ ಮಾಡಿಸಿ, ಮುಂದೆ ಪರೀಕ್ಷೆಯ ರಿಯಾಯಿತಿಗೆ ಬೇಕಾಗುತ್ತದೆ.

ವಿಶೇಷ ಶಾಲೆಗೆ ನಾನು ವಿರೋಧಿಯಲ್ಲ. ಕೈಸನ್ನೆಯೇ ಭಾಷೆಯಾದ ಮಕ್ಕಳಿಗೆ ಮನಸ್ಸು ಬಿಚ್ಚಿ ಮಾತಾಡಲು ಸಿಗುವ ಜಾಗ ಎಷ್ಟೋ ಸಲ ಅದೊಂದೇ. ಆದರೆ ಗೌರಿ ಮಷೀನ್ ಇದ್ದರೆ ಕೇಳುತ್ತಾಳೆ, ಮಾತಾಡುತ್ತಾಳೆ, ಗೆಳತಿಯರೆಲ್ಲ ಊರಲ್ಲೇ ಇದ್ದಾರೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಪ್ರಕಾರ ಸರ್ಕಾರಿ ಶಾಲೆ ಇಂಥ ಮಗುವನ್ನು ಬೇಡ ಅನ್ನುವ ಹಾಗೂ ಇಲ್ಲ. ಕಾಯ್ದೆ ಹಿಡಿದು ಮೇಷ್ಟ್ರ ಜತೆ ಜಗಳಕ್ಕೆ ಹೋಗಬೇಡಿ ಅಂತಲೂ ಹೇಳಿದೆ. ನಾನೇ ಬರ್ತೀನಿ ಅಂದೆ.

ಇಲ್ಲಿ ನನ್ನದೂ ಒಂದು ತಪ್ಪಿದೆ. ಶಾಲೆ ನೋಡುವ ಮೊದಲೇ "ಮುಂದಿನ ಬೆಂಚಲ್ಲಿ ಕೂರಿಸಿ" ಅಂತ ಚೀಟಿ ಬರೆದು ಕಳಿಸಿದ್ದೆ. ಹೋಗಿ ನೋಡಿದರೆ ಆ ಬೆಂಚು ಕಿಟಕಿಯ ಪಕ್ಕ, ಕಿಟಕಿಯ ಆಚೆ ಬಿಸಿಯೂಟದ ಅಡುಗೆಮನೆ, ಪಾತ್ರೆ ಸದ್ದು. ಮಷೀನ್ ಮೇಷ್ಟ್ರ ದನಿಯ ಜತೆ ಆ ಸದ್ದನ್ನೂ ದೊಡ್ಡದು ಮಾಡುತ್ತದೆ. ಹಿಂದೆ ಕೂತವರು ಉತ್ತರ ಹೇಳಿದರೆ ಯಾರು ಮಾತಾಡಿದರು ಅಂತಲೇ ಅವಳಿಗೆ ಗೊತ್ತಾಗುತ್ತಿರಲಿಲ್ಲ. ಎರಡನೇ ಸಾಲಿನ ಕೊನೆಗೆ, ಅಡುಗೆಮನೆಯಿಂದ ದೂರಕ್ಕೆ ಬದಲಿಸಿದೆವು, ಚೆನ್ನಾಗಿ ಕೇಳುವ ಬಲಗಿವಿ ಕ್ಲಾಸಿನ ಕಡೆ ಬರುವ ಹಾಗೆ.

ಮೇಷ್ಟ್ರು ಕೆಟ್ಟವರಲ್ಲ. ಬೋರ್ಡಿನ ಕಡೆ ತಿರುಗಿ ಬರೆಯುತ್ತಲೇ ಪಾಠ ಹೇಳುತ್ತಾರೆ, ನಮ್ಮಲ್ಲಿ ಯಾರು ಹೇಳಲ್ಲ! ಉಕ್ತಲೇಖನದಲ್ಲಿ ಗೌರಿ 'ಮರ'ಕ್ಕೆ 'ಬರ' ಬರೆದರೆ ಗಮನ ಇಲ್ಲ ಅಂತ ಬೈಯುತ್ತಿದ್ದರು. "ಸರ್, ಮೊಬೈಲ್ ಕ್ಯಾಮೆರಾ ನೋಡ್ಕೊಂಡು ದನಿ ಇಲ್ಲದೆ ಪರ, ಬರ, ಮರ ಹೇಳಿ ನೋಡಿ" ಅಂದೆ. ಗೌರಿ ತುಟಿಯನ್ನೂ ನೋಡಿ ಮಾತು ಹಿಡಿಯುವವಳು, ಮೂರೂ ತುಟಿಯಲ್ಲಿ ಒಂದೇ ಥರ ಕಾಣುತ್ತವೆ. ಅವರು ಎರಡು ಸಲ ಹೇಳಿ ನೋಡಿ, ಸುಮ್ಮನಾಗಿ, ಆಮೇಲೆ ನಕ್ಕರು. ಈಗ ಬಿಡಿ ಪದ ಕೊಡದೆ "ಮರದ ಮೇಲೆ ಹಕ್ಕಿ" ಅಂತ ವಾಕ್ಯದಲ್ಲಿ, ಮಕ್ಕಳ ಕಡೆ ಮುಖ ಮಾಡಿ ಹೇಳುತ್ತಾರಂತೆ. ವಿಶೇಷ ಅಗತ್ಯದ ಮಕ್ಕಳಿಗೆ ನೆರವಾಗಲು ಶಾಲೆಗಳಿಗೆ ಬರುವ, ಬಿಇಒ ಕಚೇರಿಯ ಬಿಐಇಆರ್‌ಟಿ ಶಿಕ್ಷಕರನ್ನು ಕರೆಸಲು ಹೆಚ್‌ಎಂ ಪತ್ರ ಬರೆದಿದ್ದಾರೆ. ಇನ್ನೂ ಬಂದಿಲ್ಲ, ಅವರಿಗೂ ಇಡೀ ತಾಲ್ಲೂಕು ಸುತ್ತೋದಿದೆ.

ಹಿಂದಿಯದ್ದು ಬಗೆಹರಿದಿಲ್ಲ. ಆರನೇ ಕ್ಲಾಸಿಗೆ ಹೊಸ ಭಾಷೆ, ಎರಡನೇ ಮೂರನೇ ಭಾಷೆಯಿಂದ ವಿನಾಯಿತಿ ಕೊಡಲು ಅದೇ ಕಾಯ್ದೆಯಲ್ಲಿ ಅವಕಾಶ ಇದೆ. ಅಮ್ಮನಿಗೆ ಆ ವಿನಾಯಿತಿಯ ಪತ್ರ ಇವತ್ತೇ ಬೇಕು. ಒಂದು ವರ್ಷ ತಡೀರಿ ಅಂದೆ, ಯಾಕೆಂದರೆ ಎಲ್ಲರೂ ಹಿಂದಿ ಕಲಿಯುವಾಗ ಇವಳೊಬ್ಬಳು ವರಾಂಡದಲ್ಲಿ ಕೂರುವುದು ನನಗೆ ಇಷ್ಟವಿಲ್ಲ, ಗೌರಿಯನ್ನು ಕೇಳಿದರೆ ಅವಳಿಗೂ ಇಷ್ಟವಿಲ್ಲ. ಅಮ್ಮನಿಗೆ ಈ ವಿಷಯದಲ್ಲಿ ನನ್ನ ಮೇಲೆ ಸ್ವಲ್ಪ ಸಿಟ್ಟಿದೆ.

ಹೊಸ ಮೋಲ್ಡ್ ಬಂತು. ಕುಕ್ಕರ್ ಅನ್ನೋ ಹೆಸರು ಪೂರ್ತಿ ಹೋಗಿಲ್ಲ. ಕಿವಿಗೆ ಒತ್ತಿದ ಹಾಗೆ ಅಪ್ಪಿಕೊಂಡರೆ ಮಷೀನ್ ಈಗಲೂ ಸಣ್ಣಗೆ ಸೀಟಿ ಹೊಡೆಯುತ್ತದೆ. ಪಕ್ಕದ ಬೆಂಚಿನ ಗೆಳತಿ ಅದಕ್ಕೇ ಬೇಕಂತ ಬಂದು ಅಪ್ಪಿಕೊಳ್ಳುತ್ತಾಳಂತೆ, ಗೌರಿ ಅವಳ ಜಡೆ ಎಳೆಯುತ್ತಾಳಂತೆ.