ಮೂರು ಲೀಟರ್ ಹಾಲು, ಆಮೇಲೆ ಒಂದು ತೊಟ್ಟೂ ಇಲ್ಲ

“ಮೇಡಂ, ಹಾಲು ಕುಡೀಬೇಕಾ, ಬಿಡ್ಬೇಕಾ? ಒಂದೇ ಮಾತಲ್ಲಿ ಹೇಳಿಬಿಡಿ.”

ಊಟದ ಬಗ್ಗೆ ಸಲಹೆ ಕೇಳಲು ನನ್ನ ಬಳಿ ಬಂದವನು, ಕುರ್ಚಿಯಲ್ಲಿ ಸರಿಯಾಗಿ ಕೂರುವ ಮೊದಲೇ ಕೇಳಿದ್ದು ಇದನ್ನೇ. ವಯಸ್ಸು 22, ಕಾಲೇಜಿನ ಕೊನೆಯ ವರ್ಷ. ಅವನ ಒಪ್ಪಿಗೆ ಪಡೆದು, ಗುರುತು ಸಿಗುವಂಥ ವಿವರಗಳನ್ನು ಬದಲಿಸಿ ಬರೆಯುತ್ತಿದ್ದೇನೆ. ಹೆಸರು ಬೇಡ, ಹುಡುಗ ಅನ್ನೋಣ.

ಕೈಯಲ್ಲಿ ಒಂದು ನೋಟ್‌ಬುಕ್ ಇತ್ತು. ಪ್ರತಿ ಪುಟದ ಮೇಲೆ ಕೆಂಪು ಪೆನ್ನಿನಲ್ಲಿ ಆ ದಿನದ ತೂಕ. 61.90, 60.75, 59.20. ಒಂದು ಪುಟದಲ್ಲಿ 57.85 ಅಂತ ಬರೆದು ಕೆಳಗೆ ಎರಡು ಗೆರೆ ಎಳೆದಿದ್ದ. ಪೆನ್ ಎಷ್ಟು ಒತ್ತಿದ್ದನೆಂದರೆ ಆ ಗೆರೆಗಳು ಹಿಂದಿನ ಪುಟದಲ್ಲಿ ಬೆರಳಿಗೆ ತಾಕುತ್ತಿದ್ದವು. ನಾನು ಆ ಪುಟವನ್ನು ಸವರಿದ್ದನ್ನು ನೋಡಿ ಅವನು ನೋಟ್‌ಬುಕ್ ಮುಚ್ಚಿಬಿಟ್ಟ.

ಕಥೆ ಹೀಗೆ. ಜಿಮ್ ಸೇರಿದಾಗ 58 ಕೆ.ಜಿ. ಚಿಕ್ಕಂದಿನಿಂದ ‘ಕಡ್ಡಿ’ ಅನ್ನಿಸಿಕೊಂಡವನು. ಜಿಮ್‌ನಲ್ಲಿ ಒಬ್ಬರು, “ದಿನಕ್ಕೊಂದು ಗ್ಯಾಲನ್ ಹಾಲು ಕುಡಿ, ಮೈ ತಾನಾಗಿ ಬರುತ್ತೆ” ಅಂದರು. ಗ್ಯಾಲನ್ ಅಂದರೆ ಸುಮಾರು 3.8 ಲೀಟರ್. ಇವನು ಕಷ್ಟಪಟ್ಟು ಮೂರು ಲೀಟರಿನವರೆಗೆ ಹೋದ. ಐದು ವಾರದಲ್ಲಿ ತೂಕ 62ಕ್ಕೆ ಏರಿತು. ಜೊತೆಗೆ ಹೊಟ್ಟೆ ಉಬ್ಬರ, ಗುಡುಗುಡು, ಬೆಳಗ್ಗೆ ಎದ್ದರೆ ಭೇದಿ. ಎರಡು ಸಲ ಪರೀಕ್ಷೆ ಮಧ್ಯೆ ಎದ್ದು ಹೊರಗೆ ಓಡಿದ್ದಾನೆ. ಆಮೇಲೆ ಇನ್ನೊಬ್ಬರು, “ಹಾಲು ಕುಡಿದ್ರೆ ಬಾಡಿ ಸಾಫ್ಟ್ ಆಗುತ್ತೆ, ನೀರು ತುಂಬುತ್ತೆ, ಕಟ್ಸ್ ಬರಲ್ಲ” ಅಂದರು. ಕಟ್ಸ್ ಅಂದರೆ ಮೈ ಮೇಲೆ ಎದ್ದು ಕಾಣುವ ಮಾಂಸಖಂಡದ ಗೆರೆಗಳು. ಅವತ್ತೇ ಎಲ್ಲ ಬಂದ್. ಹಾಲು, ಮೊಸರು, ಕೊನೆಗೆ ಟೀಗೆ ಹಾಕುವ ಎರಡು ಚಮಚ ಹಾಲೂ ಇಲ್ಲ. ಗೆಳೆಯರ ಜೊತೆ ಹೊರಗೆ ಊಟಕ್ಕೆ ಹೋಗುವುದನ್ನೂ ಬಿಟ್ಟ, ಯಾವುದರಲ್ಲಿ ಹಾಲು ಸೇರಿರುತ್ತೋ ಅಂತ. ತೂಕ ಮತ್ತೆ 58ರ ಕೆಳಗೆ ಇಳಿಯಿತು.

ಒಂದೇ ಮಾತಲ್ಲಿ ಹೇಳಬಹುದಿತ್ತು. ‘ಕುಡಿ’ ಅಂದರೆ ನಾನು ಮೂರನೆಯ ಸಲಹೆಗಾರಳಾಗುತ್ತಿದ್ದೆ, ಅಷ್ಟೇ. ಅದಕ್ಕೆ ಮೊದಲು ಅವನ ಊಟವನ್ನೇ ಲೆಕ್ಕ ಹಾಕಿದೆವು. ಹಾಲು ಬಿಟ್ಟಿದ್ದ, ಆದರೆ ಅದರ ಜಾಗಕ್ಕೆ ಏನೂ ಬಂದಿರಲಿಲ್ಲ. ದಿನದ ಪ್ರೋಟೀನ್ 50 ಗ್ರಾಂ ಕೂಡ ದಾಟುತ್ತಿರಲಿಲ್ಲ. ಭಾರ ಎತ್ತಿ ಮಾಂಸಖಂಡ ಬೆಳೆಸಬೇಕು ಅನ್ನುವವರಿಗೆ ಪ್ರತಿ ಕೆ.ಜಿ. ತೂಕಕ್ಕೆ ಸುಮಾರು 1.6 ಗ್ರಾಂ ಪ್ರೋಟೀನ್ ಇದ್ದರೆ ಒಳ್ಳೆಯದು. ಇವನಿಗೆ ಅದು 93 ಗ್ರಾಂ. ಅರ್ಧದಷ್ಟು ತಿಂದು ದಿನವೂ ಒಂದೂವರೆ ಗಂಟೆ ವರ್ಕೌಟ್ ಮಾಡಿದರೆ ಮೈ ಎಲ್ಲಿಂದ ಬರಬೇಕು? ಅವನು ಸೊರಗಿದ್ದಕ್ಕೆ ಕಾರಣ ಹಾಲು ಬಿಟ್ಟಿದ್ದಲ್ಲ, ಊಟ ಕಮ್ಮಿಯಾಗಿದ್ದು.

ಮೂರು ಲೀಟರಿನ ಲೆಕ್ಕವನ್ನೂ ಅವನ ಕೈಯಲ್ಲೇ ಮಾಡಿಸಿದೆ. ಕೆನೆ ತೆಗೆಯದ ಹಾಲಾದರೆ 1,800 ಕ್ಯಾಲೊರಿಗೂ ಜಾಸ್ತಿ. ಪ್ರೋಟೀನ್ 95 ಗ್ರಾಂ ಹತ್ತಿರ, ಸರಿ. ಆದರೆ ಸ್ಯಾಚುರೇಟೆಡ್ ಕೊಬ್ಬು (ಬೆಣ್ಣೆ, ತುಪ್ಪದಲ್ಲಿರುವಂಥ ಗಟ್ಟಿಯಾಗುವ ಕೊಬ್ಬು) 50 ಗ್ರಾಂ ದಾಟುತ್ತದೆ. 2,500 ಕ್ಯಾಲೊರಿ ತಿನ್ನುವವರಿಗೆ ದಿನಕ್ಕೆ 28 ಗ್ರಾಂ ಒಳಗಿರಲಿ ಅಂತ ಹೇಳುತ್ತಾರೆ. ಹಾಲಿನ ಸಕ್ಕರೆಯಾದ ಲ್ಯಾಕ್ಟೋಸ್ ಸುಮಾರು 140 ಗ್ರಾಂ. ಅವನ ಹೊಟ್ಟೆ ಗಲಾಟೆ ಮಾಡಿದ್ದು ಇದಕ್ಕೇ. ಲ್ಯಾಕ್ಟೋಸನ್ನು ಒಡೆಯಲು ಸಣ್ಣ ಕರುಳಿನಲ್ಲಿ ಲ್ಯಾಕ್ಟೇಸ್ ಅನ್ನುವ ಕಿಣ್ವ ಬೇಕು. ಎಳೆ ಮಗುವಿನಲ್ಲಿ ಇದು ಧಾರಾಳವಾಗಿರುತ್ತದೆ, ಬೆಳೆಯುತ್ತಾ ಬಹಳ ಜನರಲ್ಲಿ ಕಮ್ಮಿಯಾಗುತ್ತದೆ. ಒಡೆಯದೆ ಉಳಿದ ಸಕ್ಕರೆ ದೊಡ್ಡ ಕರುಳಿಗೆ ಇಳಿಯುತ್ತದೆ. ಅಲ್ಲಿ ನೀರನ್ನು ಎಳೆದುಕೊಳ್ಳುತ್ತದೆ, ಬ್ಯಾಕ್ಟೀರಿಯಾಗಳು ಅದನ್ನು ಹುದುಗಿಸಿ ಗ್ಯಾಸ್ ಮಾಡುತ್ತವೆ. ಇದನ್ನು ಹೇಳಿದಾಗ ಅವನ ಮುಖ ಸ್ವಲ್ಪ ಸಡಿಲವಾಯಿತು. “ಅಂದ್ರೆ ನನ್ನ ಬಾಡಿ ಸರಿಯಿಲ್ಲ ಅಂತಲ್ವಾ?” ಅಂತ ಕೇಳಿದ. ಅಲ್ಲ ಕಣಪ್ಪ, ಜಗತ್ತಿನ ದೊಡ್ಡವರಲ್ಲಿ ಅರ್ಧಕ್ಕಿಂತ ಹೆಚ್ಚು ಜನರ ಕಥೆ ಇದೇ ಅಂದೆ. ಈ ಪ್ರಶ್ನೆ ನನ್ನನ್ನು ಬಹಳ ದಿನ ಕಾಡಿತು. ಹಾಲಿನ ಮಾತು ಆಡುತ್ತಿದ್ದ ಹುಡುಗ ಅಷ್ಟೂ ಹೊತ್ತು ಕೇಳಬೇಕೆಂದಿದ್ದು ಇದನ್ನೇ ಅಲ್ವಾ?

ಇನ್ನು ‘ಸಾಫ್ಟ್’ ಆಗುವ ಮಾತು. ಕೆನಡಾದ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯದ ತಂಡವೊಂದು 2007ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ಅವನಿಗೆ ವಿವರಿಸಿದೆ. 56 ಯುವಕರು, ವಾರಕ್ಕೆ ಐದು ದಿನದಂತೆ 12 ವಾರ ಭಾರ ಎತ್ತಿದರು. ವರ್ಕೌಟ್ ಮುಗಿದ ಕೂಡಲೇ ಮತ್ತು ಒಂದು ಗಂಟೆ ಬಿಟ್ಟು, ಕೆಲವರಿಗೆ ಕೊಬ್ಬು ತೆಗೆದ ಹಾಲು, ಕೆಲವರಿಗೆ ಸೋಯಾ ಪಾನೀಯ, ಕೆಲವರಿಗೆ ಬರೀ ಕಾರ್ಬೋಹೈಡ್ರೇಟ್ ಪಾನೀಯ. ಮೂರರಲ್ಲೂ ಕ್ಯಾಲೊರಿ ಒಂದೇ. ಮಾಂಸಖಂಡ ಹೆಚ್ಚು ಬೆಳೆದದ್ದು ಹಾಲಿನ ಗುಂಪಿನಲ್ಲಿ, ಕೊಬ್ಬು ಹೆಚ್ಚು ಕರಗಿದ್ದೂ ಅಲ್ಲೇ. ಹಾಲಿನ ಪ್ರೋಟೀನಿನಲ್ಲಿ ಶೇ. 80ರಷ್ಟು ಕೇಸಿನ್, ಅದು ನಿಧಾನ ಜೀರ್ಣವಾಗುತ್ತದೆ. ಉಳಿದ ಶೇ. 20 ‘ವೇ’ ಅನ್ನುವ ಪ್ರೋಟೀನ್, ಅದು ಬೇಗ. ಡಬ್ಬದಲ್ಲಿ ಬರುವ ವೇ ಪುಡಿ ಇದೇ ಹಾಲಿನಿಂದ ತೆಗೆದದ್ದು. ಹಾಲು ಬೇಡವೆಂದ ಅದೇ ಮನುಷ್ಯ ಇವನಿಗೆ ವೇ ಪುಡಿ ಕೊಳ್ಳಲು ಹೇಳಿದ್ದರು! ಇವನ ಹೊಟ್ಟೆಯ ಸುತ್ತ ಬಂದಿದ್ದು ನೀರಲ್ಲ. ಬೇಕಾದ್ದಕ್ಕಿಂತ ಜಾಸ್ತಿ ತಿಂದ ಕ್ಯಾಲೊರಿ, ಮೇಲೆ ಗ್ಯಾಸಿನ ಉಬ್ಬರ.

ಅವನಿಗೆ ಕೊಟ್ಟ ಸಲಹೆ ಸರಳ. ಎರಡು ವಾರ ಹಾಲು ಹೇಗೂ ಬೇಡ, ಹೊಟ್ಟೆ ತಣ್ಣಗಾಗಲಿ. ಆಮೇಲೆ ಅರ್ಧ ಲೋಟ, ಅದೂ ಊಟದ ಜೊತೆ, ಖಾಲಿ ಹೊಟ್ಟೆಗಲ್ಲ. ಮೂರು ದಿನ ನೋಡು. ಸುಮ್ಮನಿದ್ದರೆ ಒಂದು ಲೋಟ. 250 ಮಿ.ಲೀ. ಲೋಟದಲ್ಲಿ 12 ಗ್ರಾಂ ಲ್ಯಾಕ್ಟೋಸ್ ಇರುತ್ತದೆ, ಲ್ಯಾಕ್ಟೇಸ್ ಕಮ್ಮಿ ಇರುವವರಲ್ಲೂ ಬಹಳ ಮಂದಿ ಅಷ್ಟನ್ನು ತಡೆದುಕೊಳ್ಳುತ್ತಾರೆ. ಮೊಸರಿನಲ್ಲಿ ಲ್ಯಾಕ್ಟೋಸ್ ಇನ್ನೂ ಕಮ್ಮಿ, ಅದರ ಬ್ಯಾಕ್ಟೀರಿಯಾಗಳೇ ಒಡೆಯಲು ಕೈ ಜೋಡಿಸುತ್ತವೆ. ದಿನಕ್ಕೆ ಎರಡು ಲೋಟ ಹಾಲು ಹಿಡಿದರೆ 16 ಗ್ರಾಂ ಪ್ರೋಟೀನ್ ಬಂತು. ಉಳಿದದ್ದು ಮೊಟ್ಟೆ, ಬೇಳೆಕಾಳು, ಸೋಯಾ, ಮೊಸರಿನಿಂದ ಬರಲಿ, ದಿನದ ನಾಲ್ಕು ಹೊತ್ತಿಗೆ ಹಂಚಿಕೊಂಡು. ಹಾಲಿನಲ್ಲಿ ನಾರೂ ಇಲ್ಲ, ಕಬ್ಬಿಣವೂ ಇಲ್ಲವೆನ್ನುವಷ್ಟು ಕಮ್ಮಿ. ಅದರಿಂದಲೇ ಹೊಟ್ಟೆ ತುಂಬಿಸಿಕೊಂಡರೆ ತರಕಾರಿ, ಕಾಳಿಗೆ ಜಾಗ ಎಲ್ಲಿ?

ಮೈ ಮೇಲೆ ದದ್ದು, ತುಟಿ ಊತ, ಉಸಿರಾಟದ ತೊಂದರೆ ಇದೆಯಾ ಅಂತ ಮೊದಲೇ ಕೇಳಿದ್ದೆ. ಇರಲಿಲ್ಲ. ಇದ್ದಿದ್ದರೆ ಅದು ಅಲರ್ಜಿ ಇರಬಹುದು. ಆಗ ಅರ್ಧ ಲೋಟದ ಪ್ರಯೋಗ ಮಾಡಲೇಬಾರದು, ನೇರ ವೈದ್ಯರ ಹತ್ತಿರ ಹೋಗಬೇಕು. ಮೊಡವೆ ಬರುತ್ತಾ ಅಂತ ಅವನು ಕೇಳಿದ. ಕೆಲವರಿಗೆ ಹಾಲಿಗೂ ಮೊಡವೆಗೂ ನಂಟು ಕಾಣುತ್ತದೆ. ಜಾಸ್ತಿಯಾದರೆ ಕೆಲವು ವಾರ ಬಿಟ್ಟು ನೋಡೋಣ ಅಂದೆ.

ಕನ್ನಡಿಯ ವಿಷಯಕ್ಕೆ ಹೆಚ್ಚು ಹೊತ್ತು ಬೇಕಾಯಿತು. ದಿನಕ್ಕೆ ಎಷ್ಟು ಸಲ ನೋಡಿಕೊಳ್ಳುತ್ತೀಯಾ ಅಂತ ಕೇಳಿದರೆ, “ಎಣಿಸಿಲ್ಲ ಮೇಡಂ” ಅಂದವನು ಸ್ವಲ್ಪ ಹೊತ್ತಾದ ಮೇಲೆ, “ಹದಿನೈದು, ಇಪ್ಪತ್ತು” ಅಂದ. ಮಾತಾಡುತ್ತಲೇ ಶರ್ಟಿನ ಮೇಲಿಂದ ತೋಳನ್ನು ಹಿಡಿದು ಅಳೆಯುತ್ತಿದ್ದ, ಅದು ಅವನಿಗೇ ಗೊತ್ತಿರಲಿಲ್ಲ. ಎಷ್ಟು ಬೆಳೆದರೂ ತಾನು ಸಣ್ಣಗಿದ್ದೇನೆ ಅನ್ನುವ ಕೊರಗು ಕಾಯಿಲೆಯಾಗುವುದೂ ಉಂಟು. ಇವನು ಆ ಅಂಚಿಗೆ ಹೋಗಿರಲಿಲ್ಲ ಅಂತ ನನಗನ್ನಿಸಿತು. ಆದರೂ ನಿದ್ದೆ, ಓದು ಕೆಟ್ಟರೆ ಮನೋವೈದ್ಯರನ್ನು ಕಾಣೋಣ ಅಂತ ಮೊದಲ ದಿನವೇ ಮಾತಾಡಿಕೊಂಡೆವು. ತೂಕ ವಾರಕ್ಕೊಂದೇ ಸಲ ನೋಡು, ನೋಟ್‌ಬುಕ್ಕಿನಲ್ಲಿ ಎಷ್ಟು ಭಾರ ಎತ್ತಿದೆ, ಎಷ್ಟು ಹೊತ್ತು ಮಲಗಿದೆ ಅಂತ ಬರಿ ಅಂದೆ.

ಮೂರು ತಿಂಗಳ ಮೇಲೆ ಬಂದಾಗ 60.5 ಕೆ.ಜಿ. ಇದ್ದ. ಒಂದು ಲೋಟ ಬೆಳಗಿನ ತಿಂಡಿಗೆ, ಒಂದು ಜಿಮ್ ಮುಗಿದ ಮೇಲೆ ಊಟದ ಜೊತೆ, ಎರಡೂ ಒಗ್ಗುತ್ತಿವೆ. ಎರಡನ್ನೂ ಒಟ್ಟಿಗೆ ಕುಡಿದರೆ ಮಾತ್ರ ಹೊಟ್ಟೆ ಗುಡುಗುಡು ಅನ್ನುತ್ತದೆ. ಗೆಳೆಯರ ಜೊತೆ ಊಟಕ್ಕೂ ಹೋಗಿ ಬಂದಿದ್ದ. ನೋಟ್‌ಬುಕ್ಕನ್ನು ಈ ಸಲ ಅವನೇ ಬಿಚ್ಚಿ ತೋರಿಸಿದ. ಎಲ್ಲ ನೀಲಿ ಅಕ್ಷರ, ಕೆಂಪು ಪೆನ್ ಮನೆಯಲ್ಲೇ ಇದೆಯಂತೆ. ವಾರಕ್ಕೊಂದು ಸಲ ಅಂತ ಮಾತಾಗಿದ್ದರೂ ತೂಕ ಇನ್ನೂ ಮೂರು ಸಲ ನೋಡುತ್ತಿದ್ದಾನೆ. ಮುಂದಿನ ತಿಂಗಳು ಮತ್ತೆ ಬರುತ್ತಾನೆ.