ಬೋರ್ ನೀರಿನ ಹಕ್ಕಳೆ: ಕೆರೆಯಬೇಡಿ, ನೆನೆಸಿ

ಪ್ರಶ್ನೆ: ಮಗಳು ಆಸೆಪಟ್ಟಳೆಂದು ಎರಡಡಿಯ ಹಳೇ ಗಾಜಿನ ಫಿಶ್ ಟ್ಯಾಂಕ್ ಕೊಂಡೆವು. ಒಳಗೆ ನೀರು ನಿಲ್ಲುತ್ತಿದ್ದ ಮಟ್ಟದಲ್ಲಿ ಎರಡು ಬೆರಳಗಲ ಬಿಳಿ ಹಕ್ಕಳೆ ಕಟ್ಟಿದೆ. ಸ್ಟೀಲ್ ನಾರಿನಲ್ಲಿ ಉಜ್ಜಿದರೂ ಬಿಡಲಿಲ್ಲ. ಟಾಯ್ಲೆಟ್ ತೊಳೆಯುವ ಆಸಿಡ್ ಹಾಕಿ ಅನ್ನುತ್ತಾರೆ. ಹಾಕಬಹುದೇ?
– ಓದುಗರು, ಮಂಡ್ಯ

ಉತ್ತರ: ಬೇಡವೇ ಬೇಡ. ಅದರಲ್ಲಿ ಹೈಡ್ರೋಕ್ಲೋರಿಕ್ ಆಮ್ಲದ ಜೊತೆ ನೊರೆ ಬರಿಸುವ ವಸ್ತು, ಬಣ್ಣ ಎಲ್ಲ ಇರುತ್ತವೆ. ಮೂಲೆಯ ಸಂದಿಯಲ್ಲಿ ಅದು ಸ್ವಲ್ಪ ಉಳಿದರೂ ಮೀನಿನ ಕಿವಿರಿಗೆ ಕೇಡು. ಪಾತ್ರೆ ತೊಳೆಯುವ ಸೋಪೂ ಬೇಡ. ಸ್ಟೀಲ್ ನಾರನ್ನು ಈಗಲೇ ಬದಿಗಿಡಿ. ಹಕ್ಕಳೆ ಗಾಜಿಗಿಂತ ಮೆದು, ಆದರೆ ಅದರಲ್ಲಿ ಸಿಕ್ಕಿಕೊಂಡ ಮರಳಿನ ಕಾಳು ಗಾಜಿಗಿಂತ ಗಟ್ಟಿ. ಉಜ್ಜಿದಷ್ಟೂ ಗೀರು ಬೀಳುತ್ತದೆ.

ನಿಮ್ಮ ಟ್ಯಾಂಕಿನಲ್ಲಿರುವುದು ಹೆಚ್ಚಾಗಿ ಕ್ಯಾಲ್ಸಿಯಂ ಕಾರ್ಬೊನೇಟ್. ಗಡಸಾದ ಬೋರ್ ನೀರು ಆವಿಯಾದಾಗ ನೀರಷ್ಟೇ ಹೋಗುತ್ತದೆ, ಸುಣ್ಣದ ಅಂಶ ಗಾಜಿಗೆ ಅಂಟಿಕೊಳ್ಳುತ್ತದೆ. ಇದನ್ನು ಕರಗಿಸಲು ಬಿಳಿ ವಿನೆಗರ್ ಸಾಕು. ಅರ್ಧ ಲೀಟರ್ ತನ್ನಿ. ವಿನೆಗರ್ ಇಲ್ಲದಿದ್ದರೆ ದಿನಸಿ ಅಂಗಡಿಯ ನಿಂಬೆ ಉಪ್ಪನ್ನು, ಅಂದರೆ ಸಿಟ್ರಿಕ್ ಆಸಿಡನ್ನು, ಲೀಟರ್ ಉಗುರುಬೆಚ್ಚಗಿನ ನೀರಿಗೆ 30 ಗ್ರಾಂನಂತೆ ಕರಗಿಸಿಕೊಳ್ಳಿ. ಕುದಿಯುವ ನೀರು ಗಾಜಿಗೆ ತಾಕಿದರೆ ಬಿರುಕು ಬಿಡಬಹುದು.

ಇಬ್ಬರು ಹಿಡಿದು, ಖಾಲಿ ಟ್ಯಾಂಕನ್ನು ಮಡಿಸಿದ ಕಂಬಳಿಯ ಮೇಲೆ ಒಂದು ಮಗ್ಗುಲಿಗೆ ಮಲಗಿಸಿ. ಅಡಿಯಲ್ಲಿ ಒಂದು ಕಲ್ಲಿನ ಚೂರೂ ಇರಬಾರದು. ಈಗ ನೆಲದ ಕಡೆಗಿರುವ ಗಾಜಿನ ಒಳಮೈ ಮೇಲ್ಮುಖವಾಗಿರುತ್ತದೆ, ಹಾಕಿದ ವಿನೆಗರ್ ಹರಿದುಹೋಗುವುದಿಲ್ಲ. ಮಾರ್ಬಲ್ ನೆಲ, ಹಳೇ ಮೈಸೂರು ಮನೆಗಳ ರೆಡ್ ಆಕ್ಸೈಡ್ ನೆಲದ ಮೇಲೆ ಮಾತ್ರ ಈ ಕೆಲಸ ಇಟ್ಟುಕೊಳ್ಳಬೇಡಿ. ಆಮ್ಲ ಚೆಲ್ಲಿದ ಕಡೆ ಹೊಳಪು ಹೋಗುತ್ತದೆ.

ಹಳೇ ಪಂಚೆಯ ಪಟ್ಟಿಯನ್ನು ವಿನೆಗರಿನಲ್ಲಿ ಅದ್ದಿ ಹಕ್ಕಳೆಯ ಮೇಲೆ ಹಾಸಿ, ಒಣಗದಂತೆ ಪ್ಲಾಸ್ಟಿಕ್ ಮುಚ್ಚಿ. ಅಂಚನ್ನು ಎತ್ತಿ ನೋಡಿದರೆ ಸಣ್ಣ ಗುಳ್ಳೆಗಳು ಏಳುತ್ತಿರುತ್ತವೆ. ಹಕ್ಕಳೆ ಇನ್ನೂ ಇದ್ದು ಗುಳ್ಳೆ ನಿಂತಿತೆಂದರೆ ವಿನೆಗರಿನ ಸತ್ವ ಮುಗಿದಿದೆ ಎಂದರ್ಥ. ಬಟ್ಟೆ ಹಿಂಡಿ, ಹೊಸದರಲ್ಲಿ ಅದ್ದಿ ಮತ್ತೆ ಹಾಸಿ. ಬಹಳ ಜನ ತಪ್ಪುವುದು ಇಲ್ಲೇ. ಒಂದೇ ಬಟ್ಟೆಯನ್ನು ರಾತ್ರಿಯಿಡೀ ಬಿಡುತ್ತಾರೆ, ಅದು ಒಣಗುತ್ತದೆ, ಕರಗಿದ ಲವಣವೇ ಬಿಳಿ ಪುಡಿಯಾಗಿ ಕೂರುತ್ತದೆ. ಕಲೆ ಹೋಗಲೇ ಇಲ್ಲ ಅನ್ನಿಸುತ್ತದೆ. ಗಂಟೆಗೊಮ್ಮೆಯಂತೆ ಮೂರ್ನಾಲ್ಕು ಸಲ ಬದಲಿಸಿದರೆ ದಪ್ಪ ಪದರವೂ ಮೊಸರಿನ ಕೆನೆಯಂತೆ ಮೆತ್ತಗಾಗುತ್ತದೆ.

ಉಳಿದ ಚೂರಿಗೆ ಹಿಡಿಯಿರುವ ಸ್ಕ್ರೇಪರ್ ಬ್ಲೇಡ್ ಬಳಸಿ. ಗಾಜು ಒದ್ದೆಯಿರಲಿ, ಬ್ಲೇಡು ಸುಮಾರು 30 ಡಿಗ್ರಿ ಓರೆಯಿರಲಿ, ಮುಂದಕ್ಕೆ ಮಾತ್ರ ತಳ್ಳಿ. ಮೂಲೆಯಲ್ಲಿ ಗಾಜುಗಳನ್ನು ಅಂಟಿಸಿರುವ ಸಿಲಿಕೋನಿಗೆ ಒಂದು ಸೆಂಟಿಮೀಟರ್ ಇದೆ ಅನ್ನುವಾಗಲೇ ನಿಲ್ಲಿಸಿ. ಅಲ್ಲಿ ಹಳೇ ಟೂತ್‌ಬ್ರಷ್ಷೇ ಸರಿ. ಟ್ಯಾಂಕ್ ಗಾಜಿನದಲ್ಲ, ಅಕ್ರಿಲಿಕ್ ಎಂಬ ಪ್ಲಾಸ್ಟಿಕ್‌ನದು ಎಂದಾದರೆ ಬ್ಲೇಡ್ ಮುಟ್ಟಿಸಲೇಬೇಡಿ.

ನಂತರ ಹುಳಿ ವಾಸನೆ ಪೂರ್ತಿ ಹೋಗುವವರೆಗೆ ತೊಳೆಯಿರಿ, ನಾಲ್ಕೈದು ನೀರು ಬೇಕಾದೀತು. ಬ್ಲೀಚನ್ನು ವಿನೆಗರ್ ಜೊತೆ ಎಂದೂ ಬೆರೆಸಬೇಡಿ, ವಿಷಕಾರಿ ಕ್ಲೋರಿನ್ ಅನಿಲ ಏಳುತ್ತದೆ. ಕೊನೆಗೆ ಸೋರಿಕೆ ಪರೀಕ್ಷೆ: ಸಮತಟ್ಟಾದ ಜಾಗದಲ್ಲಿ ಅಡಿಗೆ ಥರ್ಮೋಕೋಲ್, ಸುತ್ತ ದಿನಪತ್ರಿಕೆ ಹಾಸಿ, ನೀರು ತುಂಬಿ ಎರಡು ದಿನ ಬಿಡಿ. 24 × 12 × 12 ಇಂಚಿನ ಟ್ಯಾಂಕಿಗೆ ಸುಮಾರು 56 ಲೀಟರ್ ಹಿಡಿಯುತ್ತದೆ. ಅಷ್ಟು ತೂಕ ಒತ್ತಿದಾಗಲೇ ಹಳೇ ಸಿಲಿಕೋನಿನ ದೋಷ ಗೊತ್ತಾಗುವುದು. ಎಲ್ಲಾದರೂ ಪತ್ರಿಕೆ ನೆಂದಿದ್ದರೆ ಮೀನು ತರುವ ಮಾತು ಆಮೇಲೆ.

ಪ್ರಶ್ನೆ: ವಿನೆಗರ್ ಮೂರು ಸಲ ಹಾಕಿದೆ. ಹಕ್ಕಳೆ ಹೋಯಿತು, ಆದರೆ ಗಾಜು ಒಣಗಿದಾಗ ಹಾಲುಬಣ್ಣದ ಮಂಜು ಕಾಣುತ್ತದೆ.
– ಓದುಗರು, ಮೈಸೂರು

ಉತ್ತರ: ಒಣಗಿದ ಮಂಜಿನ ಮೇಲೆ ಒಂದು ತೊಟ್ಟು ವಿನೆಗರ್ ಬಿಟ್ಟು ಮೊಬೈಲ್ ಟಾರ್ಚ್ ಹಿಡಿದು ನೋಡಿ. ಗುಳ್ಳೆ ಬಂದರೆ ಸುಣ್ಣ ಇನ್ನೂ ಇದೆ, ಮುಂದುವರಿಸಿ. ಬರದಿದ್ದರೆ ಅದು ಸಿಲಿಕಾ (ಮರಳಿನಲ್ಲಿರುವ ವಸ್ತು) ಪದರವಿರಬಹುದು, ಇಲ್ಲವೇ ಗಾಜಿನ ಮೈಯೇ ತರಿತರಿಯಾಗಿರಬಹುದು. ಅದಕ್ಕೆ ಎಷ್ಟು ವಿನೆಗರ್ ಸುರಿದರೂ ವ್ಯರ್ಥ. ನೀರು ತುಂಬಿದಾಗ ಮಾಯವಾಗುತ್ತದೆಯಾದರೆ ಹಾಗೇ ಬಿಡಿ. ಪಾಲಿಶ್ ಹಿಡಿಸುವುದು ನಮ್ಮ ದೃಷ್ಟಿಯಲ್ಲಿ ದುಡ್ಡು ದಂಡ.

ಪ್ರಶ್ನೆ: ಹಕ್ಕಳೆ ಮತ್ತೆ ಕಟ್ಟದಂತೆ ಏನು ಮಾಡಬೇಕು?
– ಓದುಗರು, ಮದ್ದೂರು

ಉತ್ತರ: ಆವಿಯಾಗಿ ಕಡಿಮೆಯಾದಷ್ಟು ನೀರನ್ನು ಬೋರ್ ನೀರಿನಿಂದ ತುಂಬಿಸುತ್ತಾ ಹೋದರೆ ಲವಣ ಕೂಡುತ್ತಲೇ ಇರುತ್ತದೆ. ಆ ಕೊರತೆಗೆ ಮಾತ್ರ ಆರ್‌ಒ ನೀರು ಹಾಕಿ. ಇಡೀ ಟ್ಯಾಂಕನ್ನು ಬರೀ ಆರ್‌ಒ ನೀರಿನಿಂದ ತುಂಬಬೇಡಿ, ಮೀನಿಗೆ ಬೇಕಾದ ಲವಣವೂ ಅದರಲ್ಲಿ ಇರುವುದಿಲ್ಲ. ಮೇಲೆ ಗಾಜಿನ ಮುಚ್ಚಳವಿರಲಿ. ವಾರಕ್ಕೊಮ್ಮೆ ನೀರಿನ ಗೆರೆಯನ್ನು ಒದ್ದೆ ಸ್ಪಂಜಿನಿಂದ ಒರೆಸಿ, ಹಸಿಯಿದ್ದಾಗ ಬೆರಳಲ್ಲೇ ಬಿಡುತ್ತದೆ.